ಹಗುರ ದೋಣಿಯೂ ನಮ್ಮ ಸಂಘದ ಸಾಲವೂ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾವು ಹೇಳಿ ಕೇಳಿ ಬೇಸಾಯದವರು. ಓದಿದ್ದು ಎಸ್.ಎಸ್.ಎಲ್.ಸಿ. ಗಜನಿ ಗದ್ದೆಯ ಕಟ್ಟು, ತೆಂಗಿನ ನುಸಿ, ಗೊಬ್ಬರದ ಚೀಲ ಇವುಗಳ ಬಗ್ಗೆ ಮಾತಾಡು ಎಂದಿದ್ದರೆ ಹೆದರಿಕೆ ಇರಲಿಲ್ಲ. ಆದರೆ ನಮಗೆ ಕೊಟ್ಟ ವಿಷಯ ದೋಣಿ. ಅದೂ ಮೀನು ಹಿಡಿಯುವ ದೋಣಿ ಅಲ್ಲ. ಸಮುದ್ರದಲ್ಲಿ ಮುಳುಗು ಹಾಕುವವರನ್ನು ಕರೆದುಕೊಂಡು ಹೋಗಿ, ಅಷ್ಟೇ ಜನರನ್ನು ಮರಳಿ ಕರೆದುಕೊಂಡು ಬರುವ ಸಣ್ಣ ಹಗುರ ದೋಣಿ. ಬೇಸಾಯದವನಿಗೆ ಈ ಉಸಾಬರಿ ಯಾಕೆ ಎಂದು ಹಿಂದಿನ ಸಾಲಿನಲ್ಲಿ ಕೂತವರು ಗೊಣಗುತ್ತಿರುವುದು ಕೇಳಿಸುತ್ತಿದೆ. ಸ್ವಲ್ಪ ತಾಳಿ, ಅದನ್ನೇ ಹೇಳುತ್ತೇವೆ.

ಹೋದ ವರ್ಷ ನಮ್ಮೂರಿನ ನಾಲ್ಕು ಜನ ಹುಡುಗರು ಸಂಘಕ್ಕೆ ಒಂದು ಸಾಲದ ಅರ್ಜಿ ಕೊಟ್ಟರು. ನಾಲ್ವರೂ ಸಣ್ಣವರಿದ್ದಾಗಿನಿಂದ ಕಲ್ಲಿನ ಮೇಲಿನ ಚಿಪ್ಪು ತೆಗೆಯಲು ಉಸಿರು ಕಟ್ಟಿ ಮುಳುಗುತ್ತಿದ್ದವರು. ಮುರ್ಡೇಶ್ವರದಲ್ಲಿ ಪ್ರವಾಸಿಗಳಿಗೆ ಸ್ಕೂಬಾ ಡೈವಿಂಗ್ ಶುರುವಾದ ಮೇಲೆ ಅಲ್ಲಿ ಕೆಲಸಕ್ಕೆ ಸೇರಿ, ಸಿಲಿಂಡರ್ ಕಟ್ಟಿಕೊಂಡು ಮುಳುಗುವ ವಿದ್ಯೆಯನ್ನೂ ಕಲಿತರು. ಈಗ ನಮ್ಮ ಕಡಲ ಹತ್ತಿರದ ಬಂಡೆಗಳಲ್ಲಿ ತಾವೇ ಒಂದು ಸಣ್ಣ ವ್ಯವಸ್ಥೆ ಮಾಡಬೇಕು, ಅದಕ್ಕೆ ದೋಣಿ ಬೇಕು ಎಂಬುದು ಅವರ ಬೇಡಿಕೆ. ಅರ್ಜಿ ಪರಿಶೀಲಿಸಲು ಮೂರು ಜನರ ಉಪಸಮಿತಿ ಮಾಡಿದರು. ಅದರಲ್ಲಿ ನಮ್ಮನ್ನೂ ಹಾಕಿದರು. ನಾವು ಬೇಡ ಎಂದೆವು. ಯಾಕೆಂದರೆ ಈ ದೋಣಿಯ ವಿಷಯದಲ್ಲಿ ನಾವು ಒಮ್ಮೆ ಕೈ ಸುಟ್ಟುಕೊಂಡವರು. ಕೈ ಸುಟ್ಟುಕೊಂಡವನೇ ಇರಲಿ ಎಂದು ಅಧ್ಯಕ್ಷರು ಹಟ ಹಿಡಿದರು.

ಹಿರಿಯ ಸದಸ್ಯರಿಗೆ ನೆನಪಿರಬಹುದು, ಕೆಲವು ವರ್ಷದ ಹಿಂದೆ ಸಂಘ ಒಂದು ದೋಣಿ ಸಾಲ ಕೊಟ್ಟಿತ್ತು. 24 ಅಡಿಯ ಹಳೇ ಫೈಬರ್ ದೋಣಿ, ಹಿಂದೆ 40 ಅಶ್ವಶಕ್ತಿಯ ಎಂಜಿನ್. ಕೊಳ್ಳುವ ಮುಂಚೆ ನೋಡಿಕೊಂಡು ಬರಲು ಹೋದವರಲ್ಲಿ ನಾವೂ ಇದ್ದೆವು. ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ನಾವು ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಎರಡು ಕಡೆ ಬಡಿದು, ಗಟ್ಟಿ ಇದೆ ಎಂದು ತೀರ್ಪು ಕೊಟ್ಟೆವು. ಕೊಟ್ಟದ್ದು ಸಾಲದೆಂಬಂತೆ ಜಾಮೀನಿಗೂ ಸಹಿ ಹಾಕಿದೆವು. ಸಾಲ ತೆಗೆದವರಲ್ಲಿ ನಮ್ಮ ತಮ್ಮನ ಮಗನೂ ಒಬ್ಬ.

ಆ ದೋಣಿಯನ್ನು ನೀರಿನಿಂದ ಮೇಲೆ ಎಳೆಯಲು ಹನ್ನೆರಡು ಜನ ಬೇಕಾಗುತ್ತಿತ್ತು. ನಮ್ಮೂರಿಗೆ ಬಂದರು ಇಲ್ಲ, ಜಟ್ಟಿ ಇಲ್ಲ, ಇರುವುದು ಬರೀ ಮರಳು. ಬೆಳಿಗ್ಗೆ ನೂಕಲು ಜನ ಸಿಕ್ಕಿದರೆ ಮಧ್ಯಾಹ್ನ ಎಳೆಯಲು ಸಿಗುವುದಿಲ್ಲ. ಹಾಗಾಗಿ ಅದನ್ನು ಅಳಿವೆಯ ಒಳಗೆ ನೀರಿನಲ್ಲೇ ಕಟ್ಟಿಹಾಕುವುದು ರೂಢಿಯಾಯಿತು. ನೀರಿನಲ್ಲೇ ಬಿದ್ದ ದೋಣಿಯ ಅಡಿಗೆ ಕಲಗ ಹಿಡಿಯಿತು, ಹಾವಸೆ ಹಿಡಿಯಿತು. ಅಡಿಯನ್ನು ಯಾರೂ ನೋಡಲೇ ಇಲ್ಲ.

ಒಂದು ದಿನ ಇಬ್ಬರು ಹುಡುಗರು ಬಂಡೆಯ ಹತ್ತಿರ ಮುಳುಗಿದ್ದರು, ಒಬ್ಬ ದೋಣಿಯಲ್ಲಿದ್ದ. ಮೇಲೆ ಬಂದವರನ್ನು ಹತ್ತಿಸಿಕೊಳ್ಳೋಣ ಎಂದು ದೋಣಿಯವನು ಎಂಜಿನ್ ಎಳೆದು ವೇಗ ಕೊಟ್ಟ. ಎಂಜಿನ್ ಕೂರಿಸುವ ಹಿಂಬದಿಯ ಹಲಗೆ ಇದೆಯಲ್ಲ, ಅದು ಲಟ್ ಅಂತು. ಹೊರಗೆ ಎರಡು ಪದರ ಫೈಬರ್, ನಡುವೆ ಪ್ಲೈವುಡ್. ಬೋಲ್ಟಿನ ತೂತಿನಿಂದ ನೀರು ಇಳಿದಿಳಿದು ಒಳಗಿನ ಪ್ಲೈವುಡ್ ನೆನೆಸಿದ ಅವಲಕ್ಕಿಯ ಹಾಗೆ ಆಗಿತ್ತು. ಎಂಜಿನ್ ಸಮೇತ ಹಲಗೆ ಕಿತ್ತುಕೊಂಡು ಹೋಯಿತು. ದೋಣಿಗೆ ನೀರು ನುಗ್ಗಿತು. ದೋಣಿಯಲ್ಲಿದ್ದವನು ಒಬ್ಬನೇ ಹುಟ್ಟು ಹಾಕಿದರೆ ಆ ಭಾರ ಅಲುಗಲೇ ಇಲ್ಲ. ಹೊತ್ತು ಏರಿ ಪಡುವಣ ಗಾಳಿ ಎದ್ದಿತ್ತು. ಗಾಳಿಗೆ ದೋಣಿ ಒಂದು ಕಡೆ, ನೀರಿನ ಸೆಳೆತಕ್ಕೆ ಹುಡುಗರು ಇನ್ನೊಂದು ಕಡೆ. ಬಲೆ ಹಾಕಿ ಮರಳುತ್ತಿದ್ದ ನಾಡದೋಣಿಯೊಂದು ಅವರನ್ನು ಕಂಡು ಎತ್ತಿಕೊಳ್ಳುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ಅವರಲ್ಲಿ ಒಬ್ಬ ನಮ್ಮ ತಮ್ಮನ ಮಗ. ಆ ಎರಡು ತಾಸು ನಾವು ದಂಡೆಯಲ್ಲಿ ನಿಂತಿದ್ದೆವು. ಪಕ್ಕದಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಆಕೆ ನಮ್ಮನ್ನು ಒಂದು ಮಾತೂ ಕೇಳಲಿಲ್ಲ.

ಎಂಜಿನ್ ಹೋಯಿತು, ಸಾಲ ಉಳಿಯಿತು. ಜಾಮೀನುದಾರರು ಮೂವರೂ ಸೇರಿ ಕಟ್ಟಿದೆವು. ನಮ್ಮ ಪಾಲಿಗೆ ಎರಡು ವರ್ಷದ ತೆಂಗಿನಕಾಯಿ ದುಡ್ಡು ಹೋಯಿತು. ಇದನ್ನು ಬೇಸರಕ್ಕೆ ಹೇಳುತ್ತಿಲ್ಲ. ಮಾರಿದವರನ್ನೂ ದೂರುವುದಿಲ್ಲ, ಅವರು ಮಾರಲು ಕೂತವರು. ನೋಡಲು ಹೋದವರು ನಾವು.

ಈ ಸಲ ಅರ್ಜಿ ಬಂದಾಗ ಅದರ ಮೇಲೆ ಅದೇ ತಮ್ಮನ ಮಗನ ಸಹಿ ಇತ್ತು. ಬೇಡವೋ ಎಂದರೆ, "ದೊಡ್ಡಪ್ಪ, ಅವತ್ತು ಸಮುದ್ರದ್ದು ಏನೂ ತಪ್ಪಿರ್ಲಿಲ್ಲ, ದೋಣಿದು ತಪ್ಪು" ಎಂದ. ಈ ಮಾತಿಗೆ ಉತ್ತರ ತೋಚದೆ ನಾವು ದೋಣಿಯ ವಿಚಾರ ಓದಲು ಕೂತೆವು. ಮಂಗಳೂರಿನಲ್ಲಿ ಕೆಲಸದಲ್ಲಿರುವ ಅಳಿಯ ಪುಸ್ತಕ ತಂದುಕೊಟ್ಟ, ಇಂಗ್ಲಿಷ್ ಇದ್ದಲ್ಲಿ ಅರ್ಥ ಹೇಳಿದ.

ಮೊದಲು ಹುಡುಗರನ್ನು ಸಂಘದ ಆಫೀಸಿಗೆ ಕರೆದು, ದೋಣಿಯಲ್ಲಿ ಏನೇನು ಹೇರುತ್ತೀರಿ ಎಂದು ಬೋರ್ಡಿನ ಮೇಲೆ ಬರೆಯಿಸಿದೆವು. ನಾಲ್ಕು ಜನ ಮುಳುಗುವವರು, ದೋಣಿ ನಡೆಸುವವನು ಒಬ್ಬ, ಆಳಿಗೆ ಎರಡೆರಡು ಸಿಲಿಂಡರ್ ಎಂದರು. ಈ ಮುಳುಗುವವರ ಅಲ್ಯೂಮಿನಿಯಂ ಸಿಲಿಂಡರ್ ಬೆನ್ನಿಗೆ ಕಟ್ಟಿದಾಗ ಸಣ್ಣದಾಗಿ ಕಾಣುತ್ತದೆ, ಎತ್ತಿ ನೋಡಬೇಕು. 11 ಲೀಟರಿನ ಸಿಲಿಂಡರ್ ಗಾಳಿ ತುಂಬಿದಾಗ ಸುಮಾರು 17 ಕಿಲೋ. ಒಳಗೆ ಒತ್ತಿ ತುಂಬಿದ ಗಾಳಿ ಸುಮಾರು 2,200 ಲೀಟರ್. ಗಾಳಿಗೂ ತೂಕ ಇದೆ ಎಂದು ಶಾಲೆಯಲ್ಲಿ ಓದಿದ್ದೆವು, ಇಲ್ಲಿ ಆ ಗಾಳಿಯ ತೂಕವೇ ಎರಡೂವರೆ ಕಿಲೋದ ಮೇಲೆ. ಎಂಟು ಸಿಲಿಂಡರಿಗೆ 136 ಕಿಲೋ. ಐದು ಜನಕ್ಕೆ 345. ಸೊಂಟಕ್ಕೆ ಕಟ್ಟುವ ಸೀಸ, ಕಾಲಿನ ರೆಕ್ಕೆ, ಅಂಗಿ, ಉಸಿರಿನ ಸಾಮಾನು ಎಲ್ಲ ಸೇರಿ 64. ಎಂಜಿನ್ 40, ಪೆಟ್ರೋಲ್ 25 ಲೀಟರಿಗೆ 19, ಲಂಗರು, ಹಗ್ಗ, ಕುಡಿಯುವ ನೀರು 20. ಕೂಡಿಸಿದರೆ ದೋಣಿಯ ತೂಕ ಬಿಟ್ಟು 624 ಕಿಲೋ! ಹನ್ನೆರಡೂವರೆ ಮೂಟೆ ಅಕ್ಕಿ. ಹುಡುಗರು ಬೋರ್ಡು ನೋಡಿ ಸುಮ್ಮನಾದರು.

ನಾವು ಗದ್ದೆಯವರು, ನೀರಿನ ಲೆಕ್ಕ ನಮಗೆ ಗೊತ್ತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ 10 ಲೀಟರ್. ದೋಣಿ ನೀರಿನಲ್ಲಿ ಇಳಿಯುವುದೂ ಇದೇ ಲೆಕ್ಕ. 14 ಅಡಿಯ ಚಪ್ಪಟೆ ಅಡಿಯ ದೋಣಿ ನೀರಿನ ಮೇಲೆ ಸುಮಾರು ಮೂರೂವರೆ ಚದರ ಮೀಟರ್ ಜಾಗ ಹಿಡಿಯುತ್ತದೆ ಎಂದುಕೊಳ್ಳಿ, ಪ್ರತಿ 35 ಕಿಲೋಗೆ ಒಂದು ಸೆಂಟಿಮೀಟರ್ ಇಳಿಯುತ್ತದೆ. ನಿಂತ ನೀರಿನಲ್ಲಿ ಇದು ಏನೂ ಅಲ್ಲ. ತೆರೆಯಲ್ಲಿ ಇಬ್ಬರು ಒಂದೇ ಬದಿಗೆ ವಾಲಿ ಮೂರನೆಯವನನ್ನು ಮೇಲೆಳೆಯುವಾಗ ಆ ಬದಿಯ ಅಂಚು ನೀರಿಗೆ ಎಷ್ಟು ಹತ್ತಿರ ಬರುತ್ತದೆ ಎಂಬುದೇ ಪ್ರಶ್ನೆ.

ಆದ್ದರಿಂದ ಲೆಕ್ಕ ಬದಲಿಸಿದೆವು. ಮುಳುಗುವವರು ಇಬ್ಬರು, ದೋಣಿಯವನು ಒಬ್ಬ, ಸಿಲಿಂಡರ್ ಮೂರು, ಮೂರನೆಯದು ಆಪತ್ತಿಗೆ. ಈಗ ಒಟ್ಟು 369 ಕಿಲೋ. ಹೆಚ್ಚು ಜನ ಬಂದರೆ ಎರಡು ಸಲ ಹೋಗಿ, ಇಲ್ಲವೇ ಎರಡು ದೋಣಿ ಮಾಡಿ. ಒಂದರ ಎಂಜಿನ್ ಕೆಟ್ಟರೆ ಇನ್ನೊಂದು ಎಳೆದುಕೊಂಡು ಬರುತ್ತದೆ.

ಇನ್ನು ಯಾವ ದೋಣಿ ಎಂಬುದು. ಗಾಳಿ ತುಂಬುವ ರಬ್ಬರಿನ ದೋಣಿ ತರೋಣ ಎಂದು ಒಬ್ಬ ಹುಡುಗ ಹೇಳಿದ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 1952ರಲ್ಲಿ ಅಲೆನ್ ಬೊಂಬಾರ್ಡ್ ಎಂಬ ಫ್ರಾನ್ಸಿನ ಡಾಕ್ಟರು 15 ಅಡಿಯ ಇಂಥ ದೋಣಿಯಲ್ಲಿ ಒಬ್ಬರೇ ಕೂತು ಕ್ಯಾನರಿ ದ್ವೀಪದಿಂದ ಹೊರಟು 65 ದಿನಕ್ಕೆ ಅಟ್ಲಾಂಟಿಕ್ ಸಾಗರ ದಾಟಿ ಬಾರ್ಬಡೋಸ್ ಮುಟ್ಟಿದರು. ಮುಂದೆ 1960ರ ದಶಕದಲ್ಲಿ ವೇಲ್ಸ್ ದೇಶದ ಅಟ್ಲಾಂಟಿಕ್ ಕಾಲೇಜು ಎಂಬ ವಿದ್ಯಾಸಂಸ್ಥೆಯಲ್ಲಿ, ರಬ್ಬರ್ ಅಡಿ ಮರಳಿಗೆ ಉಜ್ಜಿ ಹರಿಯುತ್ತದೆಂದು ಅಡಿಗೆ ಗಟ್ಟಿ ಹಲಗೆ ಹಾಕಿ, ಸುತ್ತಲೂ ಗಾಳಿಯ ಕೊಳವೆ ಉಳಿಸಿ ಹೊಸ ಬಗೆಯ ದೋಣಿ ಮಾಡಿದರು. ಅಲ್ಲಿಯ ಮುಖ್ಯಸ್ಥರು ಡೆಸ್ಮಂಡ್ ಹೋರ್ ಎಂಬ ನಿವೃತ್ತ ನೌಕಾ ಅಧಿಕಾರಿ. ಅವರು ಅದರ ಹಕ್ಕನ್ನು ಸಮುದ್ರದಲ್ಲಿ ಜೀವ ಉಳಿಸುವ ಆ ದೇಶದ ಸಂಸ್ಥೆಗೆ ಒಂದೇ ಒಂದು ಪೌಂಡಿಗೆ ಬಿಟ್ಟುಕೊಟ್ಟರು. ಸಹಕಾರ ಸಂಘದವರಾದ ನಮಗೆ ಇದು ಕೇಳಲು ಬಹಳ ಹಿತವಾದ ಮಾತು.

ಮುಳುಗುವವರಿಗೆ ನಿಜವಾಗಿ ಇದೇ ಒಳ್ಳೆಯ ದೋಣಿ. ಅಂಚು ಮೆತ್ತಗೆ, ನೀರಿನಿಂದ ಉರುಳಿ ಹತ್ತಬಹುದು, ನೀರು ತುಂಬಿದರೂ ತೇಲುತ್ತದೆ. ಆದರೆ ನಮ್ಮ ಬಂಡೆಗಳ ಮೇಲೆ ಕಲಗ ಬ್ಲೇಡಿನ ಹಾಗೆ ಕೂತಿದೆ. ಅಗ್ಗದ ಪಿ.ವಿ.ಸಿ.ಯದಾದರೆ ನಮ್ಮ ಬಿಸಿಲಿಗೆ ಅಂಟು ಬಿಡುತ್ತದೆ. ಬಿಸಿಲು ತಾಳುವ ಹೈಪಲಾನ್ ಬಟ್ಟೆಯದು ಬೆಲೆ ಕೇಳಿದರೆ ಗದ್ದೆ ಮಾರಬೇಕು. ಹರಿದರೆ ತೇಪೆ ಹಾಕುವವನು ನಮ್ಮ ತಾಲೂಕಿನಲ್ಲಿ ಯಾರಿದ್ದಾನೆ? ಸೈಕಲ್ ಟ್ಯೂಬಿನ ಸೊಲ್ಯೂಶನ್ ಇದಕ್ಕೆ ಸಾಲದು. ಹಾಗಾಗಿ ಬಿಟ್ಟೆವು. ಹೊಸ ಫೈಬರ್ ದೋಣಿ ಅಚ್ಚಿನಲ್ಲಿ ಮಾಡಿಸಬಹುದು, ಬಾಳಿಕೆಯೂ ಚೆನ್ನಾಗಿದೆ. ಆದರೆ ನಮ್ಮ ಕರಾವಳಿಯಲ್ಲಿ ಸಿಗುವ ಅಚ್ಚುಗಳು ಮೀನಿನ ಬಲೆ ಹೊರುವ ದೋಣಿಯವು. ಬಲೆಯ ಭಾರಕ್ಕೆ ಬೇಕಾದ ದಪ್ಪ ನಮಗೆ ಬೇಡ.

ಹೀಗೆ ಸುತ್ತಿ ಸುತ್ತಿ ನಾವು ಬಂದು ನಿಂತದ್ದು ಹೊಲಿದ ದೋಣಿಗೆ. ಹಿರಿಯರಿಗೆ ಗೊತ್ತು, ನಮ್ಮ ಅಜ್ಜಂದಿರ ಕಾಲದಲ್ಲಿ ಈ ಕರಾವಳಿಯ ಹಲಗೆ ದೋಣಿಗೆ ಮೊಳೆ ಇರಲಿಲ್ಲ. ಹಲಗೆಗೆ ಸಾಲಾಗಿ ತೂತು ಕೊರೆದು ಕತ್ತದ ಹುರಿಯಿಂದ ಹೊಲಿದು, ಸಂದಿಗೆ ನಾರು ತುಂಬಿ, ಮೀನೆಣ್ಣೆಯನ್ನೋ ಗೇರೆಣ್ಣೆಯನ್ನೋ ಬಳಿಯುತ್ತಿದ್ದರು. ನಮ್ಮ ಮನೆಯಲ್ಲೂ ಗಜನಿಗೆ ಹುಲ್ಲು, ಗೊಬ್ಬರ ಸಾಗಿಸಲು ಮಾವಿನ ಮರದ ಪಾತಿ ದೋಣಿ ಇತ್ತು. ಅದರ ಬದಿಯ ಹಲಗೆ ಹೊಲಿದದ್ದೇ. ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಹೊಸ ಹುರಿ ಹಾಕುವ ದಿನ ನಮಗೆ ಶಾಲೆಗೆ ರಜೆ. ತುಂಡು ಹಿಡಿದುಕೊಳ್ಳಲು ಒಂದು ಸಣ್ಣ ಕೈ ಬೇಕಲ್ಲ!

1962ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಹೊಲಿಗೆ ಬೇರೆ ವೇಷದಲ್ಲಿ ಬಂತು. ಬ್ಯಾರಿ ಬಕ್ನೆಲ್ ಎಂಬ ಟಿ.ವಿ.ಯಲ್ಲಿ ಮರಗೆಲಸ ಕಲಿಸುತ್ತಿದ್ದವರು ಮತ್ತು ಜ್ಯಾಕ್ ಹೋಲ್ಟ್ ಎಂಬ ದೋಣಿ ವಿನ್ಯಾಸಗಾರರು ಸೇರಿ, ಡೈಲಿ ಮಿರರ್ ಪತ್ರಿಕೆಯ ಆಶ್ರಯದಲ್ಲಿ, ಸಾಮಾನ್ಯ ಜನ ಮನೆಯಲ್ಲೇ ಮಾಡಬಹುದಾದ ಹಾಯಿ ದೋಣಿ ಮಾಡಿದರು. ತೆಳು ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿಯುವುದು, ಸಂದಿಗೆ ಫೈಬರ್ ಪಟ್ಟಿ ಮತ್ತು ಅಂಟು ಹಾಕುವುದು, ಅಷ್ಟೇ. ಸುಮಾರು 11 ಅಡಿ ಉದ್ದದ ಆ ಮಿರರ್ ದೋಣಿಯ ಒಡಲು 45 ಕಿಲೋ ಮಾತ್ರ. ಅಂಥವು 70,000ಕ್ಕೂ ಹೆಚ್ಚು ತಯಾರಾದವು. ಪುಸ್ತಕದಲ್ಲಿ ಆ ಹೊಲಿಗೆಯ ಚಿತ್ರ ನೋಡಿದ ಕೂಡಲೇ ನಮಗೆ ಅಜ್ಜನ ಪಾತಿ ದೋಣಿ ನೆನಪಾಯಿತು. ಇದು ನಮಗೆ ಬರುವ ಕೆಲಸವೇ ಎಂದು ಧೈರ್ಯ ಬಂತು.

ನಮ್ಮ ಹಳೇ ದನದ ಕೊಟ್ಟಿಗೆ ಖಾಲಿ ಮಾಡಿ ಅಲ್ಲೇ ಶುರು ಮಾಡಿದೆವು. ಸಂಘದ ಒಂದು ಪೈಸೆ ಇದರಲ್ಲಿ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಹುಡುಗರು ಹಾಕಿದರು, ನಾವು ಸ್ವಲ್ಪ ಹಾಕಿದೆವು. ಪ್ಲೈವುಡ್ ಕೊಳ್ಳುವಾಗ ಈ ಸಲ ಬಡಿದು ನೋಡಲಿಲ್ಲ. ದೋಣಿಗೆ ಬೇಕಾದ್ದು ಐ.ಎಸ್. 710 ಗುರುತಿನ ಮರೈನ್ ಪ್ಲೈವುಡ್. ಆ ಮಾನದಂಡದ ಪ್ರಕಾರ 72 ತಾಸು ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದು. ಎರಡು ಅಂಗಡಿಯಿಂದ ಒಂದೊಂದು ತುಂಡು ತಂದು ಬಚ್ಚಲ ಹಂಡೆಯಲ್ಲಿ ಹಾಕಿ ಮೂರು ದಿನ ಮೂರು ರಾತ್ರಿ ಬೆಂಕಿ ಆರದ ಹಾಗೆ ನೋಡಿಕೊಂಡೆವು. ಮನೆಯವರು ಬೈದದ್ದನ್ನು ಇಲ್ಲಿ ಹೇಳುವಂತಿಲ್ಲ. ಮೊದಲ ಅಂಗಡಿಯ ತುಂಡು ಎರಡನೆಯ ರಾತ್ರಿಯೇ ಹಪ್ಪಳದ ಹಾಗೆ ಬಿಚ್ಚಿಕೊಂಡಿತು. ಅದರ ಮೇಲೂ 710ರ ಮುದ್ರೆ ಇತ್ತು! ಎರಡನೆಯದು ಮೂರು ದಿನದ ಮೇಲೂ ಉಗುರಿಗೆ ಬಗ್ಗಲಿಲ್ಲ. ಅಲ್ಲೇ ತಂದೆವು, 6 ಮಿಲಿಮೀಟರ್ ದಪ್ಪದ್ದು.

ಹಲಗೆ ಕತ್ತರಿಸಿ, ಗೇಣಿಗೊಂದು ತೂತು ಕೊರೆದು, ತಾಮ್ರದ ತಂತಿ ಹಾಕಿ ತಿರುಚಿ ಬಿಗಿದಾಗ ನೋಡಬೇಕಿತ್ತು. ನೆಲದ ಮೇಲೆ ಬಾಳೆ ಎಲೆಯ ಹಾಗೆ ಬಿದ್ದಿದ್ದು ಒಂದೇ ಮಧ್ಯಾಹ್ನದಲ್ಲಿ ಎದ್ದು ದೋಣಿಯಾಗಿ ನಿಂತಿತು. ಮುಂದಿನ ಕೆಲಸಕ್ಕೆ ಮಾತ್ರ ಎರಡು ತಿಂಗಳು ಹಿಡಿಯಿತು. ಎಪಾಕ್ಸಿ ಅಂಟು ನಮಗೆ ಹೊಸದು. ಒಮ್ಮೆಗೇ ಒಂದು ಬಕೆಟ್ ಕಲಸಿದೆವು. ಹತ್ತು ನಿಮಿಷದಲ್ಲಿ ಅದು ಕಾದು ಹೊಗೆಯೆದ್ದು ಬಕೆಟ್ಟೇ ಕರಗಿತು. ಆಮೇಲೆ ಗೊತ್ತಾಯಿತು, ಒಂದೊಂದು ಲೋಟದಷ್ಟೇ ಕಲಸಿ ಅಗಲ ತಟ್ಟೆಯಲ್ಲಿ ಹರಡಿಕೊಳ್ಳಬೇಕು. ಅಳತೆ ಹೆಚ್ಚು ಕಡಿಮೆ ಆದರೆ ಎಂದಿಗೂ ಗಟ್ಟಿಯಾಗುವುದಿಲ್ಲ. ಒಳಮೂಲೆಗೆ ಅಂಟಿನ ಜೊತೆ ಮರದ ಹೊಟ್ಟು ಕಲಸಿ ಸೌಟಿನ ಬೆನ್ನಿನಿಂದ ಒರೆಸಿ, ಮೇಲೆ ಫೈಬರ್ ಬಟ್ಟೆಯ ಪಟ್ಟಿ ಹಾಕಿದೆವು. ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ಐದು ಪದರ ಪ್ಲೈವುಡ್ ಅಂಟಿಸಿ ಮಾಡಿದೆವು. ಬೋಲ್ಟಿನ ಪ್ರತಿ ತೂತನ್ನೂ ಮೊದಲು ದೊಡ್ಡದಾಗಿ ಕೊರೆದು, ಅದರ ತುಂಬ ಅಂಟು ತುಂಬಿ, ಒಣಗಿದ ಮೇಲೆ ಅಂಟಿನ ನಡುವೆ ಬೋಲ್ಟಿನ ತೂತು ಕೊರೆದೆವು. ಈಗ ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ. ಈ ತೂತುಗಳನ್ನು ತಮ್ಮನ ಮಗ ಬೇರೆ ಯಾರ ಕೈಗೂ ಕೊಡಲಿಲ್ಲ.

ಮುಗಿದ ಮೇಲೆ ಸಂಘದ ಗೋದಾಮಿನ ತಕ್ಕಡಿಗೆ ಏರಿಸಿದೆವು. 14 ಅಡಿಯ ದೋಣಿ, 118 ಕಿಲೋ. ನಾಲ್ಕು ಜನ ಎತ್ತಿದರೆ ಆಳಿಗೆ 30 ಕಿಲೋ ಬರಲಿಲ್ಲ.

ಇಷ್ಟು ಹಗುರ ಯಾಕೆ ಎಂದು ಕೇಳಬಹುದು. ಎತ್ತಿ ದಂಡೆಗೆ ಇಡುವಂತಿದ್ದರೆ ಅದು ದಿನಾ ಒಣಗುತ್ತದೆ. ಮರ ಕೊರೆಯುವ ಸಮುದ್ರದ ಹುಳು ಹಿಡಿಯುವುದಿಲ್ಲ, ಅಡಿಯನ್ನು ದಿನಾ ಕಣ್ಣಿನಿಂದ ನೋಡುತ್ತೇವೆ. ಗಾಳಿ ತಿರುಗಿದರೆ ಜನಕ್ಕೆ ಕಾಯಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಎಂಜಿನ್ ಸತ್ತರೆ ಒಬ್ಬನೇ ಎರಡು ಹುಟ್ಟು ಹಾಕಿ ನಡೆಸಬಹುದು. ನಾವು ಎಂಜಿನ್ ಕೂರಿಸದೆಯೇ ಬಂಡೆಯವರೆಗೆ ಹುಟ್ಟು ಹಾಕಿಸಿ ಮರಳಿ ಕರೆಸಿದೆವು. ಅಂದು ಆ 24 ಅಡಿಯ ದೋಣಿಯಲ್ಲಿ ಒಬ್ಬನಿಂದ ಆಗದ ಕೆಲಸ ಇದೇ.

ಹಗುರ ಎಂದು ಎಲ್ಲದರಲ್ಲೂ ಕಡಿಮೆ ಮಾಡಬಾರದು. ಒಬ್ಬ ಹುಡುಗ, ಲಂಗರಿನ ಹಗ್ಗ ಕಡಿಮೆ ಮಾಡೋಣ, ನೀರು ತುಂಬಿದರೆ ತೇಲಿಸುವ ಫೋಮ್ ಯಾಕೆ, ಮರ ತಾನೇ ತೇಲುತ್ತದಲ್ಲ ಎಂದ. ಮರ ತೇಲುತ್ತದೆ, ಮರಕ್ಕೆ ಕಟ್ಟಿದ ಎಂಜಿನ್ ತೇಲುವುದಿಲ್ಲವಲ್ಲ. ಒಂದು ಲೀಟರ್ ಫೋಮ್ ಸುಮಾರು ಒಂದು ಕಿಲೋ ಭಾರವನ್ನು ತೇಲಿಸುತ್ತದೆ. ಕೂರುವ ಹಲಗೆಗಳ ಅಡಿ, ಎರಡೂ ಬದಿಗೆ, 150 ಲೀಟರಿನಷ್ಟು ಫೋಮ್ ಇಟ್ಟು ಮುಚ್ಚಿದೆವು. ಆಮೇಲೆ ಗಜನಿಯ ಕೋಡಿಯಲ್ಲಿ ದೋಣಿ ಇಳಿಸಿ, ಎಂಜಿನ್ ಜಾಗದಲ್ಲಿ ಅಷ್ಟೇ ತೂಕದ ಕಲ್ಲು ಕಟ್ಟಿ, ಬಕೆಟ್ಟಿನಿಂದ ನೀರು ತುಂಬಿಸಿದೆವು. ಅಂಚಿನವರೆಗೂ ತುಂಬಿತು. ಮೂವರು ಒಳಗೆ ಕೂತರು. ಮುಳುಗಲಿಲ್ಲ, ಮಗುಚಲಿಲ್ಲ. ಊರಿನ ಮಕ್ಕಳೆಲ್ಲ ದಂಡೆಯಲ್ಲಿ ಸೇರಿ ಚಪ್ಪಾಳೆ ಹೊಡೆದರು. ಹೊಸ ದೋಣಿಗೆ ಯಾರಾದರೂ ನೀರು ಹೊಯ್ಯುತ್ತಾರಾ ಎಂದು ಒಬ್ಬ ಅಜ್ಜಿ ನಮಗೆ ಬೈದು ಹೋದರು.

ಮುಳುಗುವವರ ದೋಣಿಗೆ ಇನ್ನೂ ಕೆಲವು ಬೇರೆ ಬಗೆಯ ಸೂಕ್ಷ್ಮ ಇದೆ. ನೀರಿನಿಂದ ಮೇಲೆ ಬಂದವನು ದಣಿದಿರುತ್ತಾನೆ, ಅಂಚು ಹಿಡಿದು ಮೈ ಎತ್ತಲು ಆಗುವುದಿಲ್ಲ. ಹಾಗಾಗಿ ಏಣಿ ಬೇಕು, ಅದರ ಮೂರು ಮೆಟ್ಟಿಲಾದರೂ ನೀರಿನ ಒಳಗೆ ಇರಬೇಕು. ಮೊದಲು ಸೀಸ, ಆಮೇಲೆ ಸಿಲಿಂಡರ್ ಬಿಚ್ಚಿ ಕೊಟ್ಟು, ಕೊನೆಗೆ ಮನುಷ್ಯ ಹತ್ತಬೇಕು. ಸಿಲಿಂಡರನ್ನು ನಿಲ್ಲಿಸಿ ಇಟ್ಟರೆ ತೆರೆಗೆ ಉರುಳಿ 6 ಮಿಲಿಮೀಟರಿನ ಹಲಗೆ ಒಡೆದೀತು. ಮಲಗಿಸಿ ಕಟ್ಟಲು ತೊಟ್ಟಿಲು ಮಾಡಿದ್ದೇವೆ. ಯಾರೇ ನೀರಿನಲ್ಲಿದ್ದು ಹತ್ತಿರ ಇದ್ದರೂ ಎಂಜಿನ್ ನಿಲ್ಲಿಸಬೇಕು. ಪ್ರೊಪೆಲರ್ ಮುಂದೆ ಹುಡುಗಾಟ ನಡೆಯುವುದಿಲ್ಲ. ಎಂಜಿನ್ ನಿಲ್ಲಿಸುವ ದಾರವನ್ನು ನಡೆಸುವವನ ಕೈಗೋ ಕಾಲಿಗೋ ಕಟ್ಟಿರಬೇಕು, ಅವನು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ದೋಣಿಯನ್ನು ಖಾಲಿ ಬಿಟ್ಟು ಮೂವರೂ ಮುಳುಗುವ ಪ್ರಶ್ನೆಯೇ ಇಲ್ಲ. ಕೆಂಪು ಬಟ್ಟೆಗೆ ಓರೆಯಾಗಿ ಬಿಳಿ ಪಟ್ಟಿ ಇರುವ ಬಾವುಟ ಹಾರುತ್ತಿದ್ದರೆ ಕೆಳಗೆ ಜನ ಇದ್ದಾರೆ ಎಂದರ್ಥ. ನಮ್ಮ ಬಲೆ ದೋಣಿಯವರು ದಯವಿಟ್ಟು ಅದನ್ನು ಗುರುತಿಟ್ಟುಕೊಂಡು ದೂರದಿಂದ ಹೋಗಬೇಕು ಎಂದು ಈ ಸಭೆಯಲ್ಲೇ ವಿನಂತಿಸುತ್ತೇವೆ.

ಪೆಟ್ರೋಲನ್ನು ಮೂರು ಪಾಲು ಮಾಡಿ, ಒಂದು ಹೋಗಲು, ಒಂದು ಬರಲು, ಒಂದು ಮುಟ್ಟದೆ ಇಡಲು. ಗಾಳಿಯ ಲೆಕ್ಕ ನಮ್ಮ ಮೀನುಗಾರ ಬಂಧುಗಳಿಂದಲೇ ಕಲಿತದ್ದು. ಬೆಳಗಿನ ಜಾವ ಗಾಳಿ ದಂಡೆಯಿಂದ ಕಡಲಿಗೆ, ಮಧ್ಯಾಹ್ನ ವಾಯವ್ಯದಿಂದ ದಂಡೆಗೆ. ಬೆಳಗಾಗುತ್ತಲೇ ಹೋಗಿ ಹನ್ನೊಂದರ ಒಳಗೆ ದೋಣಿ ಮರಳಿನ ಮೇಲಿರಬೇಕು. ಮಳೆಗಾಲದಲ್ಲಿ ದೋಣಿ ಕೊಟ್ಟಿಗೆಯಲ್ಲೇ.

ನೇತ್ರಾಣಿಗೆ ಯಾಕೆ ಹೋಗಬಾರದು ಎಂದು ಹುಡುಗರು ಕೇಳಿದರು. ಆಸೆ ಸಹಜ. ಹರಕೆಯ ಆಡು ಬಿಡುವ ದ್ವೀಪ ಎಂದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಈಗ ದೂರದ ಊರಿನ ಜನ ಅಲ್ಲಿಯ ಹವಳ, ಬಣ್ಣದ ಮೀನು ನೋಡಲು ಬರುತ್ತಾರೆ. ಆದರೆ ಅದು ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್. ಈ 14 ಅಡಿಯ ತೆರೆದ ದೋಣಿ ಅದಕ್ಕಲ್ಲ. ಅಲ್ಲಿಗೆ ಎರಡು ಎಂಜಿನ್, ವೈರ್‌ಲೆಸ್, ನೆರಳು ಇರುವ ದೊಡ್ಡ ದೋಣಿಯೇ ಹೋಗಬೇಕು. ಮೂರು ನಾಲ್ಕು ಕಿಲೋಮೀಟರಿನ ಒಳಗೆ, ದಂಡೆಯಲ್ಲಿ ನಿಂತವರ ಕಣ್ಣಿಗೆ ಕಾಣುವಷ್ಟು ದೂರ, ಅಷ್ಟೇ ನಮ್ಮ ಗಡಿ. ಮೊಬೈಲನ್ನು ನೀರು ಹೋಗದ ಚೀಲದಲ್ಲಿ ಇಟ್ಟು, ಕರಾವಳಿ ಕಾವಲು ಪಡೆಯ 1554 ನಂಬರನ್ನು ದೋಣಿಯ ಒಳಬದಿಗೆ ಬಣ್ಣದಲ್ಲಿ ಬರೆಸಿದ್ದೇವೆ.

ಕಾಗದ ಪತ್ರದ ವಿಷಯ ಬೇಸರದ್ದು, ಬೇಗ ಮುಗಿಸುತ್ತೇವೆ. ಮೀನುಗಾರಿಕೆಗೆ ನೋಂದಣಿಯಾದ ದೋಣಿಯಲ್ಲಿ ಹಣ ಪಡೆದು ಜನರನ್ನು ಕರೆದೊಯ್ಯಲು ಆ ನೋಂದಣಿ ಸಾಲದು. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ಅದು. ಪರವಾನಿಗೆ, ವಿಮೆ, ಹುಡುಗರ ತರಬೇತಿಯ ಸರ್ಟಿಫಿಕೇಟು ಮೂರೂ ಕೈಗೆ ಬಂದ ಮೇಲೆಯೇ ಎಂಜಿನ್ನಿನ ಸಾಲ ಬಿಡುಗಡೆ ಮಾಡಬೇಕೆಂದು ಉಪಸಮಿತಿ ಬರೆದಿದೆ. ಇದರಿಂದ ಈ ವರ್ಷದ ಹಂಗಾಮು ತಪ್ಪುತ್ತದೆ ಎಂದು ಹುಡುಗರಿಗೆ ಸಿಟ್ಟಿದೆ. ಸಿಟ್ಟು ಇರಲಿ.

ಬೇಸಾಯದ ಸದಸ್ಯರ ಠೇವಣಿ ಎತ್ತಿ ಸಮುದ್ರಕ್ಕೆ ಹಾಕುತ್ತೀರಿ ಎಂದು ನಮ್ಮ ಹಿರಿಯ ನಿರ್ದೇಶಕರೊಬ್ಬರು ಆಡಳಿತ ಮಂಡಳಿಯಲ್ಲಿ ಗಟ್ಟಿಯಾಗಿ ವಿರೋಧ ಮಾಡಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಸಂಘ ಹುಟ್ಟಿದ ದಿನ ಷೇರು ಹಣ ಕಟ್ಟಿದವರಲ್ಲಿ ಮೀನು ಬುಟ್ಟಿ ಹೊತ್ತು ಬಂದ ತಾಯಂದಿರೂ ಇದ್ದರು. ಅವರ ಮೊಮ್ಮಕ್ಕಳು ಇಂದು ಅರ್ಜಿ ಹಿಡಿದು ನಿಂತಿದ್ದಾರೆ. ಇದಕ್ಕಿಂತ ಹೆಚ್ಚಿಗೆ ನಾವು ವಾದ ಮಾಡುವುದಿಲ್ಲ, ಸಭೆ ತೀರ್ಮಾನಿಸಲಿ. ಜಾಮೀನಿಗೆ ಒಂದು ಸಹಿ ಕಡಿಮೆ ಇದೆ ಎಂದು ಕಾರ್ಯದರ್ಶಿಗಳು ನಿನ್ನೆ ಹೇಳಿದರು. ಆ ಸಹಿ ನಾವು ಹಾಕಿದ್ದೇವೆ. ಮನೆಯಲ್ಲಿ ಇನ್ನೂ ಹೇಳಿಲ್ಲ, ಇಲ್ಲಿ ಕೂತ ತಾಯಂದಿರ ಮೂಲಕ ಊಟದ ಒಳಗೆ ಗೊತ್ತಾಗುತ್ತದೆ.

ದೋಣಿಯನ್ನು ಹುಡುಗರು ಬೆಳಿಗ್ಗೆಯೇ ಹೊತ್ತು ತಂದು ಗೋದಾಮಿನ ಹಿಂದೆ ಹುಣಸೆ ಮರದ ಅಡಿ ಇಟ್ಟಿದ್ದಾರೆ. ಠರಾವು ಮಧ್ಯಾಹ್ನ ಮೂರಕ್ಕೆ ಬರುತ್ತದೆ. ಕೈ ಎತ್ತುವ ಮುಂಚೆ ಸದಸ್ಯರು ಊಟ ಮುಗಿಸಿ ಅಲ್ಲಿಗೆ ಬರಬೇಕು. ನಾಲ್ಕು ಜನ ಒಂದೊಂದು ಮೂಲೆ ಹಿಡಿದು ಎತ್ತಿ ನೋಡಬೇಕು, ಹಿಂಬದಿಯ ಹಲಗೆಯ ತೂತಿಗೆ ಬೆರಳು ಹಾಕಿ ನೋಡಬೇಕು. ಬಡಿದು ಮಾತ್ರ ನೋಡಬೇಡಿ.